ಐದನೇ ದೀಪ

"ನೀನಾ...?!"

ಲವೀನಿಯಾಳ ಕೈಯಲ್ಲಿದ್ದ ಹೆಡ್‌ಫೋನ್ ಜಾರಿ ಚಾಪೆಯ ಮೇಲೆ ಬಿತ್ತು. ಚರ್ಚಿನ ಬಾಗಿಲಲ್ಲಿ ಸೆಮಿಸಿ ನಿಂತಿದ್ದ. ಮೂರು ವರ್ಷದ ಹಿಂದೆ, ಇನ್ನು ಮುಖ ತೋರಿಸಬೇಡ ಅಂತ ಅವಳೇ ಟೊಂಗಾದಿಂದ ಅಟ್ಟಿದ್ದ ಸೆಮಿಸಿ!

"ಪಾದ್ರಿಗಳು ಕರೆದ್ರು. ರೆಕಾರ್ಡಿಂಗ್‌ಗೆ ಸಹಾಯ ಮಾಡು ಅಂದ್ರು. ಬೆಳಿಗ್ಗೆ ಆಕ್ಲೆಂಡಿಂದ ಬಂದೆ."

"ನಂಗೆ ಯಾರ ಸಹಾಯಾನೂ ಬೇಡ. ಹೊರಗೆ ಹೋಗಿ ಹಂದಿ ಓಡಿಸು. ಅವತ್ತೂ ಅದನ್ನೇ ಅಲ್ವಾ ಮಾಡಿದ್ದು?"

ಗಾಯಕರ ಸಾಲಲ್ಲಿ ಫಾತಾಯಿ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಸೆಮಿಸಿ ಮಾತ್ರ ತಲೆ ತಗ್ಗಿಸಿ ಅಂಗಳಕ್ಕೆ ಹೋದ.

ಆಗ ಅವರಿಬ್ಬರ ಮದುವೆ ನಿಶ್ಚಯವಾಗಿತ್ತು. ಊರಿನ ಹಳೆಯ ಸ್ತುತಿಗೀತೆಯನ್ನು ಪೂರ್ತಿ ಬಲ್ಲವಳು ಲವೀನಿಯಾಳ ಅಜ್ಜಿಯೊಬ್ಬಳೇ. ಎಂಟು ಮೈಕ್ ಇಟ್ಟು ಅದನ್ನು ರೆಕಾರ್ಡ್ ಮಾಡಿದವನು ಸೆಮಿಸಿ. ಐದನೇ ಮೈಕ್ ಅಜ್ಜಿಯದು. ವಾರದೊಳಗೆ ಅಜ್ಜಿ ತೀರಿಕೊಂಡಳು. ಆಮೇಲೆ ಹಾಕಿ ಕೇಳಿದರೆ... ಐದರಿಂದ ಎಂಟರವರೆಗೆ ಬರೀ ಮೌನ!

"ಒಂದು ವೈರ್ ನೆಟ್ಟಗೆ ಚುಚ್ಚೋಕೂ ಬರಲ್ವಾ ನಿಂಗೆ?" ಎಂದು ಅವಳು ಅತ್ತು ಕೂಗಾಡಿದ್ದಳು.

"ತಪ್ಪು ನಂದೇ," ಎಂದಿದ್ದ. ಅಷ್ಟೇ! ಅವಳು ಕಿತ್ತೆಸೆದ ಉಂಗುರ ಅವನ ಎದೆಗೆ ಬಡಿದು ಕೆಳಗೆ ಬಿದ್ದಿತ್ತು.

ಅಲ್ಲಿಂದೀಚೆಗೆ ಹಠ ಹಿಡಿದು ರೆಕಾರ್ಡಿಂಗ್ ಅವಳೇ ಕಲಿತಳು. ಯಾವಾಗಲೂ ನಲವತ್ತೆಂಟರಲ್ಲೇ, ಅಂದರೆ ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ದನಿಯನ್ನು ಅಳೆಯುವ ಲೆಕ್ಕದಲ್ಲೇ ಅವಳ ಕೆಲಸ. ಇವತ್ತು ಮಾತ್ರ, ಈ ಹಾಡುಗಳನ್ನು ಕಾಪಿಡಲಿರುವ ಸಂಗ್ರಹಾಲಯದವರು ತೊಂಬತ್ತಾರರಲ್ಲೇ ಬೇಕು ಎಂದಿದ್ದರು.

ಮೈಕ್‌ಗಳ ದನಿಯನ್ನು ಒಂದೇ ಕೇಬಲ್ಲಿನಲ್ಲಿ ರೆಕಾರ್ಡರಿಗೆ ಸಾಗಿಸುವ ಅದೇ ಹಳೆಯ ಪೆಟ್ಟಿಗೆಯ ಮೇಲೆ, ಮೈಕಿಗೊಂದರಂತೆ, ಎಂಟೂ ಹಸಿರು ದೀಪ ಉರಿಯುತ್ತಿದ್ದವು. ಅವಳು ಅಳತೆಯ ಗುಂಡಿಯನ್ನು ತೊಂಬತ್ತಾರಕ್ಕೆ ತಿರುಗಿಸಿದಳು.

ಪಟ್ಟನೆ ಐದು, ಆರು, ಏಳು, ಎಂಟು... ಆರಿಹೋದವು!

ಅವಳು ಹಿಂದಕ್ಕೆ ತಿರುಗಿಸಿದಳು. ಎಂಟು. ಮತ್ತೆ ಮುಂದಕ್ಕೆ. ನಾಲ್ಕೇ!

'ಅಳತೆ ಎರಡು ಪಟ್ಟಾದರೆ ಹೊರೆಯೂ ಎರಡು ಪಟ್ಟು... ಈ ಒಂದು ಕೇಬಲ್ಲಿನಲ್ಲಿ ನಾಲ್ಕೇ ದನಿ ಹಿಡಿಸೋದು. ಹಾಗಾದರೆ ಅವತ್ತು...?'

ಅವತ್ತು ಸೆಮಿಸಿ ಎಂಟನ್ನೂ ಪರೀಕ್ಷಿಸಿ, ಗಲಾಟೆ ಮಾಡುತ್ತಿದ್ದ ಹಂದಿ ಓಡಿಸಲು ಹೊರಗೆ ಹೋಗಿದ್ದ. ಆಗ, ಅಜ್ಜಿಯ ದನಿ ಇನ್ನೂ ಚೆನ್ನಾಗಿ ಬರಲಿ ಅಂತ, ದೊಡ್ಡ ಸಂಖ್ಯೆಯೇ ಒಳ್ಳೆಯದಿರಬೇಕು ಅಂತ, ದೀಪಗಳ ಕಡೆ ನೋಡದೆ ಈ ಗುಂಡಿ ತಿರುಗಿಸಿದವಳು...

'ನಾನೇ! ಅಯ್ಯೋ ದೇವರೇ... ನಾನೇ!'

ಬರಿಗಾಲಲ್ಲೇ ಹೊರಗೆ ಓಡಿದಳು. ಹಲಸಿನಂಥ ಕಾಯಿ ತೂಗುವ ಮರದಡಿ ಅವನು ಕೋಲು ಹಿಡಿದು ನಿಂತಿದ್ದ.

"ನಿಂಗೆ ಗೊತ್ತಿತ್ತಾ?"

ಸೆಮಿಸಿ ಕೋಲು ಕೆಳಗಿಟ್ಟ. "ಫೈಲ್ ಮೇಲೇ ತೊಂಬತ್ತಾರು ಅಂತಿತ್ತು."

"ಮತ್ಯಾಕೋ ಬಾಯಿ ಬಿಡ್ಲಿಲ್ಲ?!"

"ಅಜ್ಜೀನ ಮಣ್ಣು ಮಾಡಿ ಎರಡು ದಿನ ಆಗಿತ್ತು, ಲವೀ. ಅವಳ ದನೀನ ನೀನೇ ಕಳೆದೆ ಅಂತ ಹೇಗೆ ಹೇಳ್ಲಿ? ನನ್ನ ಮೇಲಿನ ಸಿಟ್ಟಾದ್ರೆ ಯಾವತ್ತಾದ್ರೂ ಇಳಿಯುತ್ತೆ. ನಿನ್ನ ಮೇಲೇ ನಿಂಗೆ ಬಂದ್ರೆ...?"

ಅವಳು ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಬಿಕ್ಕಿದಳು.

"ಮೊದ್ಲು ಇದನ್ನ ಕೇಳು." ಸೆಮಿಸಿ ಫೋನ್ ತೆಗೆದ. "ಅವತ್ತು ನಾಲ್ಕನೇ ಮೈಕ್ ಫಾತಾಯಿ ಚಿಕ್ಕಮ್ಮಂದು. ಎರಡನೇ ಚರಣದಲ್ಲಿ ಅವಳಿಗೆ ಕೆಮ್ಮು ಬಂದು ಹಾಡೋದು ನಿಲ್ಲಿಸಿದ್ಳು. ಆಗ ಪಕ್ಕದಿಂದ..."

ಇಯರ್‌ಫೋನ್ ಅವಳ ಕಿವಿಗಿಟ್ಟ.

ಹನ್ನೊಂದು ಸೆಕೆಂಡ್. ದೂರದಿಂದ, ನಡುಗುತ್ತಾ... ಅಜ್ಜಿ! ಲವೀನಿಯಾ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಕುಸಿದು ಕೂತಳು.

"ಏನ್ರೋ, ನಾವು ಹಾಡೋದೋ, ಮನೆಗೆ ಹೋಗೋದೋ?" ಕಿಟಕಿಯಿಂದ ಚಿಕ್ಕಮ್ಮ ಕೂಗಿದಳು.

ಲವೀನಿಯಾ ಕಣ್ಣೊರೆಸಿಕೊಂಡಳು. "ಉಂಗುರ... ಎಲ್ಲಿ?"

"ಜೇಬಲ್ಲೇ ಇದೆ. ಮೊದ್ಲು ಉಳಿದ ನಾಲ್ಕು ದನಿಗೆ ಇದು ಬೇಕಲ್ವಾ?" ಅವನು ಚೀಲದಿಂದ ಇನ್ನೊಂದು ಕೇಬಲ್ ತೆಗೆದ.

ಒಳಗೆ ಹೋಗಿ ಇಬ್ಬರೂ ಸೇರಿ ಅದನ್ನು ಸಿಕ್ಕಿಸಿದರು. ತೊಂಬತ್ತಾರರಲ್ಲೇ ಐದನೇ ದೀಪ ಹತ್ತಿತು. ಹಿಂದೆಯೇ ಉಳಿದ ಮೂರೂ.

"ಸೆಮಿಸಿ... ಇನ್ಮೇಲೆ ಹಂದಿ ಓಡಿಸೋಕೆ ಹೋಗ್ಬೇಡ."

"ಯಾಕೆ?"

"ನಾನು ಏನಾದ್ರೂ ತಿರುಗಿಸಿಬಿಡ್ತೀನಿ. ನೀನು ಇಲ್ಲೇ... ನನ್ನ ಪಕ್ಕದಲ್ಲೇ ಇರು."