ಬುಧವಾರದ ಡಾಲರು

ಕಲ್ಯಾಣ ಸ್ಟೇಷನ್ನಿನ ಹತ್ತಿರದ ರಾಯರ ಹೋಟೆಲಿಗೆ ಅಮೂಲ್ಯಾ ಮೊದಲ ಸಲ ಬಂದಾಗ ಅವಳ ಹಿಂದೆ ಒಂಬತ್ತು ಜನ ವಿದೇಶಿಯರಿದ್ದರು. ಲೋಕಲ್ ಟ್ರೈನಿನ ನೂಕುನುಗ್ಗಲಿಗೆ ಒಂಬತ್ತು ಮುಖಗಳೂ ಕೆಂಪಾಗಿದ್ದವು. ಗಲ್ಲಾದಲ್ಲಿ ಕುಳಿತಿದ್ದ ಮನೀಶ ನೋಡಿದ್ದು ಹತ್ತನೆಯ ಮುಖವನ್ನು.

“ಒಂಬತ್ತು ಮಸಾಲೆ, ಖಾರ ಕಮ್ಮಿ. ದೋಸೆ ಹಾಕೋದನ್ನ ಇವ್ರು ಹತ್ತಿರ ನಿಂತು ನೋಡ್ಬೇಕಂತೆ. ಚಲೇಗಾ ನಾ?” ಎಂದಳು.

ಅವಳು ಏನು ಕೇಳಿದ್ದರೂ ಮನೀಶ ಹೂಂ ಅನ್ನುತ್ತಿದ್ದ.

ಇಪ್ಪತ್ತು ವರ್ಷದಿಂದ ದೋಸೆ ಹುಯ್ಯುತ್ತಿದ್ದ ಜಯಶೀಲನನ್ನು ಅದುವರೆಗೆ ಯಾರೂ ತಿರುಗಿ ನೋಡಿರಲಿಲ್ಲ. ಅಂದು ಒಂಬತ್ತು ಕ್ಯಾಮೆರಾಗಳು ನೋಡಿದವು. ಹೊರಡುವಾಗ ಅಜ್ಜನೊಬ್ಬ ಅವನ ಕೈಗೆ ಇಪ್ಪತ್ತು ಡಾಲರಿನ ನೋಟು ತುರುಕಿದ. 2012ರಲ್ಲಿ ಅದು ಜಯಶೀಲನ ಮೂರು ದಿನದ ಸಂಬಳ.

ಡೊಂಬಿವಲಿಯ ಅಮೂಲ್ಯಾ ಒಂದು ಟೂರ್ ಕಂಪನಿಯಲ್ಲಿ ಗೈಡ್. ಅವಳು ಪ್ರತಿ ಬುಧವಾರ ಬರತೊಡಗಿದಳು. ಮನೀಶ ಪ್ರತಿ ಬುಧವಾರ ಇಸ್ತ್ರಿ ಶರ್ಟು ಹಾಕತೊಡಗಿದ.

“ಎಂತ ವಿಶೇಷ ಮಾರಾಯ?” ಎಂದರು ಅಪ್ಪ ಹಯಗ್ರೀವ ರಾಯರು.

“ಎಂತ ಇಲ್ಲಪ್ಪ. ಬೇರೆ ಶರ್ಟು ಒಣಗ್ಲಿಲ್ಲ.”

“ಬುಧವಾರವೇ ಒಣಗುದಿಲ್ಲ ಅಲ್ವಾ?”

ಅಮೂಲ್ಯಾಳ ಕಣ್ಣಿಗೂ ಅದು ಬಿತ್ತು. ಬಿಲ್ಲು ಕೊಡುವಾಗ ಅವನ ಕಾಲರನ್ನೇ ದಿಟ್ಟಿಸಿ, “ದೋಸೆಗಿಂತ ಶರ್ಟೇ ಗರಿಗರಿ,” ಎಂದು ತುಟಿಯಂಚಲ್ಲಿ ನಕ್ಕಳು. ಆ ದಿನ ಮನೀಶ ಮೂವರಿಗೆ ತಪ್ಪು ಚಿಲ್ಲರೆ ಕೊಟ್ಟ.

ಆದರೆ ಅಡುಗೆಮನೆಯೊಳಗೆ ಬೇರೆಯೇ ಏನೋ ಬೇಯುತ್ತಿತ್ತು. ಜಯಶೀಲ ವಾರವಾರವೂ ಸಿಗುತ್ತಿದ್ದ ಡಾಲರಿನಲ್ಲಿ ಕೂಲಿಂಗ್ ಗ್ಲಾಸು ಕೊಂಡು, ಅದನ್ನು ಹಾಕಿಕೊಂಡೇ ಒಲೆಯ ಮುಂದೆ ನಿಲ್ಲುತ್ತಿದ್ದ. ಊರಿನ ಗಿರಾಕಿಗಳಿಗೆ ದಪ್ಪ ದೋಸೆ, ಡಾಲರಿನವರಿಗೆ ಕಾಗದದಂಥದ್ದು. ಹಿಟ್ಟು ರುಬ್ಬುವವನು ಅವನ ಜೊತೆ ಮಾತು ಬಿಟ್ಟ. ಎಂಟನೆಯ ಬುಧವಾರ, ಒಂಬತ್ತು ಜನ ವಿದೇಶಿಯರು ಹಸಿದು ಕೂತಿರುವಾಗ, ತಟ್ಟೆ ತೊಳೆಯುವ ಚಂದ್ರಬಾಯಿ ನಲ್ಲಿ ನಿಲ್ಲಿಸಿ ಕೈಕಟ್ಟಿ ಕುಳಿತುಬಿಟ್ಟಳು.

“ನಾ ತಾಟ ತೊಳೀದಿದ್ರ ಅಂವ ದೋಸಿ ಅವರ ಅಂಗೈ ಮ್ಯಾಲ ಹಾಕ್ತಾನೇನ್ರಿ? ಅಂವಗ ಡಾಲರು, ನನಗ ಬರೇ ಸಬಕಾರದ ನೊರಿ!” ಕಲಬುರಗಿಯಿಂದ ಬಂದ ಅವಳ ದನಿ ಬೀದಿಗೂ ಕೇಳಿಸಿತು.

ಮನೀಶನ ತಾಳ್ಮೆ ತಪ್ಪಿತು. “ನಿಮ್ಮ ಟೂರಿಸ್ಟುಗಳು ಬಂದ ಮೇಲೆ ನನ್ನ ಅಡುಗೆಮನೆ ಒಡೆದು ಹೋಯ್ತು ನೋಡಿ!”

“ಹಲೋ, ನಾನು ಎಕನಾಮಿಕ್ಸ್ ಎಂ.ಎ.,” ಅಮೂಲ್ಯಾಳ ಮೂಗು ಕೆಂಪಾಯಿತು. “ಟೂರಿಸಂನಿಂದ ದೇಶಕ್ಕೆ ದುಡ್ಡು ಬರ್ತದೆ, ಗೊತ್ತಾ?”

“ದೇಶಕ್ಕೆ ಬಂತು. ಚಂದ್ರಬಾಯಿಗೆ ಬಂತಾ?”

ಅಮೂಲ್ಯಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ನಲ್ಲಿ ತಿರುಗಿಸಿ ತಟ್ಟೆ ತಿಕ್ಕತೊಡಗಿದಳು. ಮನೀಶ ಇಸ್ತ್ರಿ ಶರ್ಟಿನ ತೋಳು ಮಡಚಿ ಪಕ್ಕದಲ್ಲಿ ನಿಂತ. ಮೊಣಕೈಗೆ ಮೊಣಕೈ ತಾಗಿತು. ಇಬ್ಬರೂ ಸರಿಯಲಿಲ್ಲ.

“ಅಂಚು ತಿಕ್ಕ್ರಿ ಅಂಚು! ಎಂ.ಎ. ಆದ್ರ ಏನಾತು!” ಎಂದು ಚಂದ್ರಬಾಯಿ ಕುಳಿತಲ್ಲಿಂದಲೇ ಹೇಳಿಕೊಟ್ಟಳು. ವಿದೇಶಿಯರು ಒಳಗೆ ನುಗ್ಗಿ ಒಲೆ ಬಿಟ್ಟು ಇವರ ಫೋಟೊ ತೆಗೆದರು.

ಆ ಫೋಟೊ ಕಂಪನಿಯ ಮಾಲೀಕನಿಗೆ ತಲುಪಿತು. ಗೆಸ್ಟುಗಳಿಗೆ ಎಂಜಲು ತಟ್ಟೆ ತೋರಿಸಿದಳೆಂದು ಅಮೂಲ್ಯಾಳನ್ನು ಕೆಲಸದಿಂದ ತೆಗೆದ.

ಮುಂದಿನ ಬುಧವಾರ ಯಾರೂ ಬರಲಿಲ್ಲ. ಮನೀಶ ಸಂಜೆಯವರೆಗೂ ಬಾಗಿಲನ್ನೇ ನೋಡಿದ. ರಾಯರು ಈ ಸಲ ತಮಾಷೆ ಮಾಡಲಿಲ್ಲ; ತಾವೇ ಚಹಾ ತಂದು ಅವನ ಮುಂದಿಟ್ಟರು.

ಶುಕ್ರವಾರ ಅವಳು ಒಬ್ಬಳೇ ಬಂದಳು.

“ಕೆಲಸ ಹೋಯ್ತು.”

“ನಾನು ಬೊಬ್ಬೆ ಹಾಕಿದ್ದಕ್ಕೆ,” ಮನೀಶ ತಲೆ ತಗ್ಗಿಸಿದ. “ಸಾರಿ.”

“ನೀವು ಹೇಳಿದ್ದು ಕರೆಕ್ಟ್ ಇತ್ತು, ಅದಕ್ಕೇ ಸಿಟ್ಟು ಬಂದದ್ದು. ಕಂಪನಿ ತಲೆಗೆ ಎರಡೂವರೆ ಸಾವಿರ ತಗೊಳ್ತಿತ್ತು. ನಿಮ್ಗೆ ಸಿಕ್ಕಿದ್ದು ಒಂದು ದೋಸೆಯ ದುಡ್ಡು. ಈಗ ನಾನೇ ಸಣ್ಣ ಟೂರ್ ಶುರು ಮಾಡ್ತೇನೆ. ಆರೇ ಜನ. ಅಡುಗೆಮನೆಯ ಪಾಲು ಮೊದಲೇ ಕೊಡೋದು, ಎಲ್ರಿಗೂ ಸಮ.”

“ಸಮ ಅಂದ್ರೆ?” ಒಲೆಯ ಹಿಂದಿನಿಂದ ಜಯಶೀಲ ಕೂಗಿದ. “ನನ್ನ ಇಪ್ಪತ್ತು ವರ್ಷದ ಕೈಗೆ ಬೆಲೆ ಇಲ್ವಾ?”

“ನಿನಗೆ ಒಂದು ಪಾಲು ಜಾಸ್ತಿ,” ಎಂದರು ರಾಯರು. “ಮೊದಲು ಆ ಕನ್ನಡಕ ತೆಗಿ, ಚಟ್ನಿಯ ಬಣ್ಣ ಕಾಣ್ತಾ ಇಲ್ಲ ನಿನಗೆ.”

ಜಯಶೀಲ ಗೊಣಗುತ್ತಲೇ ತೆಗೆದ. ಚಂದ್ರಬಾಯಿ ನಲ್ಲಿ ತಿರುಗಿಸಿದಳು.

“ಬುಧವಾರ ನಡೀತದಾ?” ಅಮೂಲ್ಯಾ ಮನೀಶನನ್ನು ಕೇಳಿದಳು.

“ಬುಧವಾರ ಟೂರಿಸ್ಟುಗಳಿಗೆ.” ಅವನು ಗಲ್ಲಾದ ಡ್ರಾಯರು ಮುಚ್ಚಿದ. “ಉಳಿದ ಆರು ದಿನ ನೀವೊಬ್ರೇ ಬರ್ಬೇಕು. ನೀವಿಲ್ಲದೆ ನನಗೆ ಇಲ್ಲಿ ಕೂರ್ಲಿಕ್ಕೇ ಆಗುದಿಲ್ಲ.”

ಅವಳ ಕೆನ್ನೆ ಮೊದಲು ನಕ್ಕಿತು, ತುಟಿ ಆಮೇಲೆ. “ಇಷ್ಟು ಹೇಳ್ಲಿಕ್ಕೆ ಎರಡು ತಿಂಗಳಾ? ನಾನು ಮೊದಲ ವಾರವೇ ಕಾದಿದ್ದೆ.”

ರಾಯರು ಕೆಮ್ಮಿ, ಮಗನನ್ನು ಎಬ್ಬಿಸಿ ತಾವೇ ಗಲ್ಲಾದಲ್ಲಿ ಕುಳಿತರು. “ಹೋಗು, ಸ್ಟೇಷನ್ನಿಗೆ ಬಿಟ್ಟು ಬಾ.”

ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅವಳ ಬೆರಳು ಅವನ ಬೆರಳನ್ನು ಹುಡುಕಿ ಹಿಡಿಯಿತು. ಡೊಂಬಿವಲಿಯ ಕಡೆಗೆ ಎರಡು ಲೋಕಲ್ ಹೋದವು. ಅವಳು ಹತ್ತಲಿಲ್ಲ, ಅವನು ನೆನಪಿಸಲಿಲ್ಲ. ಮೂರನೆಯದಕ್ಕೆ ಇಬ್ಬರೂ ಹತ್ತಿದರು. ಮನೀಶನ ಹತ್ತಿರ ಟಿಕೆಟ್ ಇರಲಿಲ್ಲ.