ಎರಡೂವರೆಯ ಸದ್ದು

"ನಿಲ್ಲಿಸ್ರೀ ಅದನ್ನ! ಈಗಲೇ ನಿಲ್ಲಿಸಿ!"

ಹಿಂದಿಯಲ್ಲಿ ಎರಡು ಸಲ ಕೂಗಿದರೂ ಯಾರೂ ತಿರುಗಿ ನೋಡದಿದ್ದಾಗ ಧಾರಿಣಿಯ ಬಾಯಿಂದ ಕನ್ನಡವೇ ಹೊರಬಿತ್ತು. ಹಳದಿ ಹೆಲ್ಮೆಟ್ಟಿನ ಒಬ್ಬ ಮಾತ್ರ ತಟ್ಟನೆ ತಿರುಗಿದ.

"ಕನ್ನಡದವರಾ?"

"ಅದೆಲ್ಲ ಆಮೇಲೆ. ಮೊದಲು ಮೆಷಿನ್ ನಿಲ್ಲಿಸಿ!"

2006ರ ಅಕ್ಟೋಬರ್. ದೆಹಲಿಯ ಕಿದ್ವಾಯಿ ನಗರದ ಅಂಚಿನಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಪಾಯ ಹಾಕುತ್ತಿದ್ದರು. ರಸ್ತೆಯಾಚೆಯ ಚಿಕ್ಕ ಕ್ಲಿನಿಕ್ಕಿನಲ್ಲಿ ಧಾರಿಣಿ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಿದ್ದಳು. ಹೆಡ್‌ಫೋನಿನಲ್ಲಿ ಸಣ್ಣ ಸದ್ದು ಕೇಳಿಸಿದಾಗಲೆಲ್ಲ ಮಗು ಡಬ್ಬಿಗೆ ಒಂದು ಮಣಿ ಹಾಕಬೇಕು. ಇವತ್ತು ನಾಲ್ಕು ವರ್ಷದ ಒಬ್ಬಳು ನೆಲಕ್ಕೆ ಕಂಬ ಹೊಡೆಯುವ ಪೈಲಿಂಗ್ ಮೆಷಿನ್ನಿನ ಪ್ರತಿ ಏಟಿಗೂ ಮಣಿ ಹಾಕಿ ಡಬ್ಬಿಯನ್ನೇ ತುಂಬಿಸಿಬಿಟ್ಟಿದ್ದಳು!

"ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಗಲು ಅಂತಾನೇ ಲೆಕ್ಕ, ಮೇಡಂ," ಎಂದ ಹೆಲ್ಮೆಟ್ಟಿನವನು, ಅವಳ ದೂರು ಕೇಳಿದ ಮೇಲೆ. ಹೆಸರು ಯಶವಂತ್, ಸೈಟ್ ಎಂಜಿನಿಯರ್. "ಆಸ್ಪತ್ರೆ, ಶಾಲೆ, ಕೋರ್ಟು... ಇವುಗಳ ಸುತ್ತ ನೂರು ಮೀಟರ್ ಮಾತ್ರ ನಿಶ್ಶಬ್ದ ವಲಯ. ಆ ಪಟ್ಟಿಯಲ್ಲಿ ನಿಮ್ಮ ಕ್ಲಿನಿಕ್ ಇಲ್ಲ."

"ಹಾಗಾದ್ರೆ ಮಗೂಗೆ ಕಿವಿ ಕೇಳುತ್ತೋ ಇಲ್ವೋ ಅಂತಾನೂ ನಿಮ್ಮ ಪಟ್ಟಿ ನೋಡೇ ಹೇಳ್ಲಾ?"

ಅವನು ಗಡಿಯಾರ ನೋಡಿಕೊಂಡು ಕೇಳಿದ, "ಪರೀಕ್ಷೆ ಎಷ್ಟೊತ್ತಿಗೆ?"

"ದಿನಾ ಎರಡೂವರೆಯಿಂದ ಮೂರೂವರೆ."

"ನೋಡೋಣ."

ಮರುದಿನ ಎರಡೂವರೆಗೆ ಸರಿಯಾಗಿ... ಧಡ್! ಧಡ್! ಧಡ್!

'ನೋಡೋಣ ಅಂತೆ! ಏನು ನೋಡಿದ ಮಹಾನುಭಾವ?' ಹಲ್ಲು ಕಚ್ಚಿಕೊಂಡು ಅವಳು ಮಕ್ಕಳನ್ನು ವಾಪಸ್ಸು ಕಳಿಸಿದಳು.

ಆದರೆ ಮನಸ್ಸು ಅನ್ನುವುದಕ್ಕೆ ಮಾನ ಮರ್ಯಾದೆ ಇರುವುದಿಲ್ಲ. ಬೆಳಿಗ್ಗೆ ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ಅವನು ಸಿಗುತ್ತಿದ್ದ. ಚಿತ್ರದುರ್ಗದಿಂದ ಬಂದು ಮೂರೇ ತಿಂಗಳು. "ಭಯ್ಯಾ, ನಮಕ್ ಕಮ್" ಎಂದು ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಕಡಿಮೆ ಹಾಕಲು ಹೇಳಿದ ದಿನ ಧಾರಿಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಅವನ ಕನ್ನಡ ಕೇಳುತ್ತಾ ಇರಬೇಕು ಅನ್ನಿಸುತ್ತಿತ್ತು.

ಮೆಷಿನ್ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಅವನಾಗಿಯೇ ಕ್ಷಮೆ ಕೇಳಲಿ ಎಂದು ಇವಳ ಹಟ. ಅವನೂ ಏನನ್ನೋ ಕಾಯುವವನಂತೆ ಇವಳ ಮುಖ ನೋಡುತ್ತಿದ್ದ. ಜಗಳದ ಮರುದಿನದಿಂದ ಹೊಸ ಕೆಲಸವೂ ಬಿದ್ದು, ಒಂದು ಗಂಟೆ ಆಯಿತೆಂದರೆ ಅವನು ಗುಡಗಾಂವಿನ ಆಫೀಸಿಗೆ ಹೊರಟುಬಿಡುತ್ತಿದ್ದ, ತಿರುಗಿ ಬರುವುದು ಸಂಜೆಗೆ.

ಆಗ ಸಿಕ್ಕಿದಳು ಲಾವಣ್ಯಾ.

ಸೈಟಿನ ಪಕ್ಕದ ಪಾರ್ಕಿನಲ್ಲಿ ರಾಜ್ಯೋತ್ಸವಕ್ಕೆಂದು ಕಾಲನಿಯ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದವಳು. ಉದ್ದ ಜಡೆ, ದೊಡ್ಡ ಕಣ್ಣು.

"ಈ ಗಲಾಟೆಯಲ್ಲಿ ಹೇಗ್ರೀ ಕಲಿಸ್ತೀರಾ?" ಎಂದಳು ಧಾರಿಣಿ.

"ಅಯ್ಯೋ, ಗಲಾಟೆ ಎಲ್ಲಿದೆ? ನಾನು ಒಂದ್ಸಲ ಕೇಳ್ಕೊಂಡಿದ್ದೆ ಅಷ್ಟೇ. ಯಶವಂತ್ ದಿನಾ ಒಂದೂವರೆಯಿಂದ ಎರಡೂವರೆವರೆಗೆ ಮೆಷಿನ್ ನಿಲ್ಲಿಸಿಬಿಡ್ತಾರೆ. ಸೋ ಸ್ವೀಟ್, ಅಲ್ವಾ?"

ಧಾರಿಣಿಯ ಮೈಯೆಲ್ಲ ಉರಿದುಹೋಯಿತು.

'ನನ್ನ ಮಕ್ಕಳಿಗೆ ಪಟ್ಟಿ! ಇವಳ ಗೆಜ್ಜೆಗೆ ಒಂದು ಗಂಟೆ! ಇವಳ ಕುಣಿತ ಮುಗಿದ ಮೇಲೆ ನನ್ನ ಕಿವಿಗೆ ಧಡ್ ಧಡ್!'

ಹೊಟ್ಟೆಕಿಚ್ಚಿಗೆ ಚಂದದ ಹೆಸರು ಇಡುವುದು ಬೇಡ. ಅಂದೇ ಸಂಜೆ ಅವಳು ಅವನ ಕಂಪನಿಗೆ ಕಾಗದ ಬರೆದಳು. 'ನಿಮ್ಮ ಎಂಜಿನಿಯರ್ ಒಬ್ಬ ಹುಡುಗಿಯ ನೃತ್ಯಕ್ಕಾಗಿ ದಿನಾ ಒಂದು ಗಂಟೆ ಕೆಲಸ ನಿಲ್ಲಿಸುತ್ತಾರೆ.' ಹೆಸರು ಹಾಕಲಿಲ್ಲ. ಮಡಚಿ ಅಂಚೆ ಡಬ್ಬಿಗೆ ಹಾಕಿದಳು.

ಅದಾಗಿ ಎಂಟನೆಯ ದಿನ ಮಧ್ಯಾಹ್ನ, ಕ್ಲಿನಿಕ್ಕಿನ ಕಿಟಕಿಯಿಂದ ಕಂಡಿತು. ಯಶವಂತ್ ಈ ಹೊತ್ತಿನಲ್ಲಿ ಸೈಟಿನಲ್ಲಿದ್ದಾನೆ! ಚೀಲ, ಹಾಸಿಗೆ ಎಲ್ಲ ಜೀಪಿಗೆ ತುಂಬುತ್ತಿದ್ದಾನೆ.

ನಾಲ್ಕು ಮಾತು ಚುಚ್ಚಿಯೇ ಕಳಿಸಬೇಕೆಂದು ಅವಳು ರಸ್ತೆ ದಾಟಿ ಬಂದಳು.

"ಎಲ್ಲಿಗೆ ಸವಾರಿ?"

"ಯಾರೋ ಹೆಸರಿಲ್ಲದ ಕಾಗದ ಬರೆದ್ರಂತೆ, ಸೈಟಿಂದ ತೆಗೆದ್ರು. ಗುಡಗಾಂವಲ್ಲಿ ವಿಚಾರಣೆ ಇದೆ. ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ." ಅವನ ದನಿಯಲ್ಲಿ ನೋವಿತ್ತು. "ಮೂರು ವಾರ ನಿಮಗೋಸ್ಕರ ದಿನಾ ಒಂದು ಗಂಟೆ ಮೆಷಿನ್ ನಿಲ್ಲಿಸಿದೆ. ಒಂದು ಥ್ಯಾಂಕ್ಸ್ ಆದ್ರೂ ಹೇಳಬಾರದಿತ್ತಾ?"

"ನನಗೋಸ್ಕರಾನಾ?!"

ಅಷ್ಟರಲ್ಲಿ ಎರಡೂವರೆ ಆಯಿತು. ಧಡ್!

ಯಶವಂತ್ ಬೆಚ್ಚಿಬಿದ್ದ. "ಜಗನ್ನಾಥ್! ಬಂದ್ ಕರೋ! ಈ ಟೈಮಲ್ಲಿ ಬಂದ್ ಅಂತ ಬೋಲಾ ಥಾ ನಾ?"

ಮೆಷಿನ್ ನಡೆಸುತ್ತಿದ್ದ ಜಗನ್ನಾಥ ತಲೆ ಹೊರಹಾಕಿ, ನೀವು ಹೇಳಿದ ಹೊತ್ತಿಗೇ ದಿನಾ ನಿಲ್ಲಿಸ್ತೀನಿ ಎಂದು ಕೂಗಿದ. "ಸಾಬ್, ಆಪ್ ನೇ ಡೇಢ್ ಬಜೇ ಬೋಲಾ ಥಾ! ರೋಜ್ ಡೇಢ್ ಬಜೇ ಬಂದ್ ಕರ್ತಾ ಹೂಂ!"

"ಹೌದು, ಡೇಢ್. ಎರಡೂವರೆ!"

ಧಾರಿಣಿ ಹಣೆ ಹಿಡಿದುಕೊಂಡಳು. "ರೀ... ಡೇಢ್ ಅಂದ್ರೆ ಒಂದೂವರೆ. ಎರಡೂವರೆಗೆ ಢಾಯೀ ಅಂತಾರೆ."

ಅವನ ಮುಖ ಬಿಳಿಚಿಕೊಂಡಿತು. "ಮತ್ತೆ... ಮಕ್ಕಳ ಪರೀಕ್ಷೆ?"

"ಒಂದಿನಾನೂ ಆಗಲಿಲ್ಲ. ಆ ಒಂದು ಗಂಟೇಲಿ ಲಾವಣ್ಯಾ ಡ್ಯಾನ್ಸ್ ಆಯ್ತು!"

"ಮ್ಯಾನೇಜರ್ ಫೋನಲ್ಲೇ ಕೇಳಿದ್ರು, ಯಾರಿಗೋಸ್ಕರ ನಿಲ್ಲಿಸಿದೆ ಅಂತ. ನಾನು ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

"ನಿಮ್ಮ ಹೆಸರು ಆಫೀಸಲ್ಲಿ ನಾಲ್ಕು ಜನರ ಬಾಯಿಗೆ ಬೀಳೋದು ಬೇಡ ಅಂತ."

ಧಾರಿಣಿ ಜೀಪಿನಲ್ಲಿದ್ದ ಚೀಲ, ಹಾಸಿಗೆ ನೋಡಿದಳು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ... ಆದರೆ ಹಾಗೆ ಮುಚ್ಚಿಟ್ಟು ಇವನನ್ನು ಯಾವ ಮುಖದಿಂದ ನೋಡುವುದು?

"ಆ ಕಾಗದ ಬರೆದವಳು ನಾನೇ."

ಯಶವಂತ್ ಅವಳನ್ನು ದಿಟ್ಟಿಸಿದ. ಜೀಪು ಹತ್ತಿ ಧಡಾರನೆ ಬಾಗಿಲು ಹಾಕಿಕೊಂಡ. ಧಾರಿಣಿ ಓಡಿಹೋಗಿ ಆ ಕಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಕೂತೇಬಿಟ್ಟಳು.

"ಇಳೀರಿ."

"ಇಳಿಯಲ್ಲ. ನಿಮ್ಮ ಮ್ಯಾನೇಜರ್ ಎದುರು ನಾನೇ ಎಲ್ಲ ಹೇಳ್ತೀನಿ. ಬೈದ್ರೆ ಬೈಸಿಕೊಳ್ತೀನಿ. ಚಲೋ!"

ಜೀಪು ಗುಡಗಾಂವಿನ ದಾರಿಯಲ್ಲಿ ಧೌಲಾ ಕುವಾ ದಾಟಿತು.

"ಯಾಕೆ ಬರೆದ್ರಿ?" ಅವನು ಕೇಳಿದ.

"ಹೊಟ್ಟೆಕಿಚ್ಚಿಗೆ."

"ಯಾರ ಮೇಲೆ?"

"ಆ ಜಡೆಯವಳ ಮೇಲೆ! ಇನ್ಯಾರ ಮೇಲೆ?"

ಅವನ ತುಟಿಯಂಚು ಸ್ವಲ್ಪ ಅಲುಗಿತು. "ಭಾನುವಾರ ಕಾರ್ಯಕ್ರಮಕ್ಕೆ ಕರೆದಿದಾರೆ. ಬರ್ತೀನಿ ಅಂದಿದೀನಿ."

"ಹೋಗಬೇಡಿ."

"ಯಾವ ಅಧಿಕಾರದ ಮೇಲೆ ಹೇಳ್ತಿದೀರಿ, ಮೇಡಂ?"

ಅವಳಿಗೆ ಸಿಟ್ಟು, ನಾಚಿಕೆ, ಅಳು... ಎಲ್ಲ ಒಟ್ಟಿಗೆ ಬಂತು. "ನಿಮ್ಮ ಹೆಂಡ್ತಿ ಆಗೋಳು ಅನ್ನೋ ಅಧಿಕಾರದ ಮೇಲೆ!"

ಜೀಪು ರಸ್ತೆಯ ಬದಿಗೆ ಸರಿದು ನಿಂತಿತು.

"ಇನ್ನೊಂದ್ಸಲ ಹೇಳಿ."

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಮೂರು ವಾರದಿಂದ ಬಸ್‌ಸ್ಟಾಪಲ್ಲಿ ನಾನೇ ಕೇಳಬೇಕು ಅಂತಿದ್ದೆ, ಧೈರ್ಯ ಬರ್ಲಿಲ್ಲ. ಅದಕ್ಕೇ ಇನ್ನೊಂದ್ಸಲ ಹೇಳಿ ಅಂದೆ."

ಅವಳು ಹೇಳಿದಳು. ಈ ಸಲ ಕೂಗದೆ, ಅವನ ತೋಳಿಗೆ ಹಣೆಯಿಟ್ಟು ಹೇಳಿದಳು.

"ಕೆಲಸ ಹೋದ್ರೆ?" ಎಂದ.

"ಬೇರೆ ಹುಡುಕೋಣ."

"ಕಾರ್ಯಕ್ರಮಕ್ಕೆ ಇಬ್ರೂ ಹೋಗೋಣ?"

"ಹೋಗೋಣ. ಆದ್ರೆ ನೀವು ಅವಳ ಪಕ್ಕ ಕೂರೋ ಹಾಗಿಲ್ಲ!"

"ಅವರು ಸ್ಟೇಜ್ ಮೇಲಿರ್ತಾರೆ ಕಣೇ."

ಧಾರಿಣಿ ಥಟ್ಟನೆ ತಲೆ ಎತ್ತಿದಳು. "ಈಗ... ಏನಂದ್ರಿ?"

"ಕಣೇ ಅಂದೆ. ಬಾಯಿಗೆ ಬಂದುಬಿಡ್ತು. ತಪ್ಪಾಯ್ತಾ?"

"ಉಹೂಂ..." ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಹಾಗೇ ಕರೀರಿ."