ಮೈರಾವಣನ ತಲೆ

ಯಮುನೆಯ ಆಚೆ ದಡದಲ್ಲಿ ಒಬ್ಬ ಕೆಮ್ಮಿದರೆ ಸಾಕು, ಈಚೆ ದಡದಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ್ದರೂ ಅವನು ಧಾರವಾಡದವನೋ ಮೈಸೂರಿನವನೋ ಹೇಳಿಬಿಡುತ್ತಿದ್ದೆ. ದೆಹಲಿ ಪೊಲೀಸಿನ ಹೆಡ್ ಕಾನ್‌ಸ್ಟೇಬಲ್ ಶಂಕರಪ್ಪನ ಕಿವಿ ಎಂದರೆ ಜೈಲಿನ ಗೋಡೆಗಳೂ ಪಿಸುಮಾತು ನಿಲ್ಲಿಸುತ್ತಿದ್ದವು. ನಂಬದವರು ಈ ಪ್ರಕರಣ ಓದಿ.

೨೦೦೬ರ ಡಿಸೆಂಬರ್, ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಕಿದ್ವಾಯಿ ನಗರದ ಬಳಿಯ ನಮ್ಮ ಠಾಣೆಗೆ ಇಬ್ಬರು ಬಂದರು. ಹುಡುಗನ ಕಿವಿಯ ಹಿಂದೆ ತೊಳೆದರೂ ಹೋಗದ ಹಸಿರು ಬಣ್ಣ. ಹುಡುಗಿಯ ಬೆನ್ನಿಗೆ ಉದ್ದನೆಯ ಗಿಟಾರ್ ಚೀಲ. ಇನ್‌ಸ್ಪೆಕ್ಟರ್ ಬಲಜೀತ್ ದಹಿಯಾ ಪೆನ್ನು ತೆರೆದರು.

"ಏನು ಕಳುವಾಗಿದೆ?"

"ತಲೆ, ಸರ್."

"ಯಾರದು?"

"ಮೈರಾವಣನದು."

ದಹಿಯಾ ಪೆನ್ನು ಕೆಳಗಿಟ್ಟರು. "ಕೊಲೆ ಕೇಸಾ?"

ಕೊಲೆಯಲ್ಲ. ಹುಡುಗ ಪೃಥ್ವಿ, ಕೇಂದ್ರ ಸರ್ಕಾರದ ಅಧಿಕಾರಿ ಸೂರ್ಯನಾರಾಯಣರ ಮಗ, ಹಾಡುಗಾರ. ಹುಡುಗಿ ಹರ್ಷಿಣಿ, ಕಾಲೇಜು ವಿದ್ಯಾರ್ಥಿನಿ, ಬಾಸ್ ಗಿಟಾರ್ ನುಡಿಸುವವಳು. ಇವರ ಬ್ಯಾಂಡಿನ ಹೆಸರು 'ಮೈರಾವಣ ಮೇಲ್'. ಹೆವಿ ಮೆಟಲ್ ಮತ್ತು ಫಂಕ್ ಬೆರೆಸಿ, ವೇಷ ಕಟ್ಟಿ, ನಾಟಕದಂತೆ ಆಡುತ್ತ ಹಾಡುವವರು. ವೇದಿಕೆಯ ಮಧ್ಯೆ ಬಿದಿರು-ಕಾಗದದ ಆಳೆತ್ತರದ ರಾಕ್ಷಸ ತಲೆ. ಅದು ಬಾಯಿ ತೆರೆದು ಹೊಗೆ ಉಗುಳುತ್ತದೆ, ಕೊನೆಯ ಹಾಡಿಗೆ ಪೃಥ್ವಿ ಆ ಬಾಯೊಳಗಿಂದಲೇ ಹೊರಗೆ ಬರುತ್ತಾನೆ. ನಾನು ಒಮ್ಮೆ ಕೇಳಿದ್ದೆ. ಹರ್ಷಿಣಿ ತಂತಿಗೆ ಹೆಬ್ಬೆರಳು ಬಡಿದರೆ ಸಫ್ದರ್‌ಜಂಗ್ ನಿಲ್ದಾಣದಲ್ಲಿ ನಿಂತಿದ್ದ ಹಳೆಯ ವಿಮಾನಗಳು ರೆಕ್ಕೆ ಅಲ್ಲಾಡಿಸಿದ್ದವು.

"ಮೆಟಲ್, ಫಂಕ್, ಇದೆಲ್ಲ ಏನು?" ಎಂದರು ದಹಿಯಾ.

"ಮೆಟಲ್ ತಲೆಗೆ ಸರ್, ಫಂಕ್ ಸೊಂಟಕ್ಕೆ," ಎಂದಳು ಹರ್ಷಿಣಿ.

"ಅಂದರೆ ಈಗ ಸೊಂಟ ಮಾತ್ರ ಉಳಿದಿದೆ."

ಪೃಥ್ವಿ ನಗಲಿಲ್ಲ. "ಶನಿವಾರ ಫೈನಲ್, ಸರ್. ಗೆದ್ದರೆ ರೆಕಾರ್ಡಿಂಗ್. ತಲೆ ಸಿಗಲಿಲ್ಲ ಅಂದ್ರೆ ನಮ್ಮ ಬ್ಯಾಂಡ್ ಖತಮ್."

ಎಫ್‌ಐಆರ್ ದಾಖಲಾಯಿತು. ಪೃಥ್ವಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಪಂಚನಾಮೆ ನಡೆಯಿತು. ಪಂಚರು ಇಸ್ತ್ರಿಯವನು ಮತ್ತು ಹಾಲಿನ ಬೂತಿನವನು. ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಗದ್ದಲವೆಂದು ಬ್ಲಾಕಿನವರು ಜಗಳ ತೆಗೆದ ಮೇಲೆ ಬ್ಯಾಂಡಿನ ಅಭ್ಯಾಸ ಲಕ್ಷ್ಮೀ ನಗರದ ಒಂದು ನೆಲಮಾಳಿಗೆಗೆ ಹೋಗಿತ್ತು. ಅಲ್ಲಿನ ಮೆಟ್ಟಿಲಲ್ಲಿ ತಲೆ ಹಿಡಿಯದೆ ಇಲ್ಲೇ ಉಳಿದಿತ್ತು.

ಬ್ಲಾಕಿನ ಗೇಟಿನ ಕಾವಲುಗಾರ ರಾಮಾವತಾರ್ ಆ ವಾರವಷ್ಟೇ ಕೆಲಸಕ್ಕೆ ಸೇರಿದವನು.

"ಯಾರನ್ನು ನೋಡಿದೆ?"

"ಮಂಗಳವಾರ ಸಂಜೆ ಒಬ್ಬರು, ಸಾಬ್. ಮಂಕಿ ಟೋಪಿ. ರಿಕ್ಷಾದಲ್ಲಿ ಬೆಡ್‌ಶೀಟ್ ಸುತ್ತಿದ ದೊಡ್ಡ ಗಂಟು."

"ತಡೆಯಲಿಲ್ಲ ಯಾಕೆ?"

"ವಾಪಸ್ ಬರ್ತೀನಿ ಅಂದ್ರು."

ದಹಿಯಾ ಸಾಹೇಬರ ಕಣ್ಣು ಹೊಳೆಯಿತು. ಕಳ್ಳ ತಾನೇ ಬರುತ್ತೇನೆ ಎಂದ ಮೇಲೆ ಹಿಡಿಯುವುದೇನು ಕಷ್ಟ? ಎರಡು ಸಂಜೆ ನಾವು ಹಾಲಿನ ಬೂತಿನ ಹಿಂದೆ ಹೊಂಚು ಹಾಕಿದೆವು. ಚಳಿ ಎಷ್ಟಿತ್ತೆಂದರೆ ನನ್ನ ಲಾಠಿಗೂ ನೆಗಡಿ ಹಿಡಿಯಿತು.

"ಮನೆಯಲ್ಲಿ ನಿನಗಾಗಿ ಕಾಯಲ್ವಾ?" ಎಂದು ದಹಿಯಾ ಕೇಳಿದರು.

"ಹತ್ತೊಂಬತ್ತು ಜನರ ಮನೆ, ಸಾಬ್. ನಾನು ಹೋಗುವವರೆಗೆ ಒಬ್ಬರೂ ತಟ್ಟೆಗೆ ಕೈ ಹಾಕಲ್ಲ."

ಗುರುವಾರವೂ ಯಾರೂ ಬರಲಿಲ್ಲ. ರಾಮಾವತಾರ್ ಮಾತ್ರ ಗೇಟನ್ನು ಅರ್ಧ ತೆರೆದೇ ಇಟ್ಟಿದ್ದ. ಪಾಪ, ಬರುತ್ತೇನೆಂದವನಿಗೆ ತೊಂದರೆಯಾಗಬಾರದಲ್ಲ.

"ಅವನು ಹೇಳಿದ್ದನ್ನು ಹೇಳಿದಂತೆಯೇ ಹೇಳು," ಎಂದೆ.

"ಜಾಕೇ ಆತಾ ಹೂಂ, ಅಂದ್ರು."

ನನ್ನ ಕಿವಿ ನೆಟ್ಟಗಾಯಿತು. "ಸಾಬ್, ಹೊಂಚು ಸಾಕು. ಇವನು ಬರಲ್ಲ."

"ಹೇಳಿ ಹೋಗಿದ್ದಾನಲ್ಲ?"

"ನೀವು ಹೊರಡುವಾಗ 'ಚಲತಾ ಹೂಂ' ಅಂತೀರಿ. ನಮ್ಮಲ್ಲಿ 'ಹೋಗ್ತೀನಿ' ಅನ್ನಬಾರದು, ಅಪಶಕುನ. 'ಹೋಗಿ ಬರ್ತೀನಿ' ಅನ್ನಬೇಕು. ಇನ್ನು ಈ ಮನೆ ಮೆಟ್ಟಿಲು ತುಳಿಯಲ್ಲ ಅಂತ ಜಗಳ ಆಡಿ ಎದ್ದವನೂ ಬಾಗಿಲಲ್ಲಿ ಹಾಗೇ ಹೇಳಿ ಹೋಗ್ತಾನೆ. ಇವನು ಅದನ್ನೇ ಹಿಂದಿಗೆ ತಿರುಗಿಸಿದ್ದಾನೆ."

"ಅಂದರೆ ನಿಮ್ಮವನು."

"ತಮಿಳರು, ತೆಲುಗರೂ ಹೀಗೇ ಅಂತಾರೆ. ಅವರಲ್ಲಿ ಶೆಡ್ಡಿನ ಕೀಲಿ ಯಾರ ಹತ್ತಿರ ಇದೆ ಅಂತ ಕೇಳೋಣ."

ಶುಕ್ರವಾರ ಪೃಥ್ವಿ, ಹರ್ಷಿಣಿ ಇಬ್ಬರನ್ನೂ ಠಾಣೆಗೆ ಕರೆಸಿದೆವು.

"ಒಂದು ಕೀ ಮನೇಲಿ," ಎಂದ ಪೃಥ್ವಿ. "ಇನ್ನೊಂದು ಎದುರು ಬ್ಲಾಕಿನ ಅನಂತರಾಮ ಅಂಕಲ್ ಹತ್ರ. ಬಟ್ ಅಂಕಲ್ ತೋ..."

ಅನಂತರಾಮ, ಒಂದು ಸಚಿವಾಲಯದಲ್ಲಿ ಗುಮಾಸ್ತರು. ಮದುವೆಯಿಲ್ಲ, ಒಬ್ಬರೇ.

"ಇಡೀ ಬ್ಲಾಕ್ ಬೈತಿದ್ದಾಗ ಅವರೊಬ್ಬರೇ ಬೈತಿರಲಿಲ್ಲ," ಎಂದಳು ಹರ್ಷಿಣಿ. "ಮೈದಾ ಅಂಟು ಕಾಯಿಸಿ ತಲೆಗೆ ಕಾಗದ ಅಂಟಿಸಿದ್ದೂ ಅವರೇ. ದಿನಾ ಸಂಜೆ ಬಂದು ಡ್ರಮ್ ಪಕ್ಕ ಕೂರ್ತಿದ್ರು."

"ಅಭ್ಯಾಸ ಲಕ್ಷ್ಮೀ ನಗರಕ್ಕೆ ಹೋಗಿದ್ದು ಅವರಿಗೆ ಹೇಳಿದ್ರಾ?" ಎಂದೆ.

ಪೃಥ್ವಿ ಹರ್ಷಿಣಿಯನ್ನು ನೋಡಿದ. "ನೀನು ಹೇಳಿದೆ ಅಂದ್ಕೊಂಡೆ."

"ಮೈನೇ ಸೋಚಾ ತೂನೇ..." ಎಂದು ಅದೇ ಮಾತನ್ನು ಹಿಂದಿಯಲ್ಲಿ ಶುರು ಮಾಡಿ ಅವಳು ಅಲ್ಲಿಗೇ ನಿಲ್ಲಿಸಿದಳು.

ಸಂಜೆ ಆರಕ್ಕೆ ಹೋದಾಗ ಅನಂತರಾಮರ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಮಂಚವನ್ನು ಗೋಡೆಗೆ ನಿಲ್ಲಿಸಿ ಕೋಣೆಯ ತುಂಬ ಮೈರಾವಣನನ್ನು ಕೂರಿಸಿದ್ದರು. ಕಣ್ಣಿನ ಕೆಂಪು ಬಲ್ಬು ಉರಿಯುತ್ತಿತ್ತು. ಅವರು ಅದರ ಎಡಗಿವಿಗೆ ಹೊಸ ಕಾಗದ ಅಂಟಿಸುತ್ತಿದ್ದರು.

"ಬನ್ನಿ," ಎಂದರು, ನೆಂಟರನ್ನು ಕರೆಯುವಂತೆ. ನಮ್ಮ ಬೆನ್ನ ಹಿಂದೆ ಇಣುಕಿದರು. "ಮಕ್ಕಳು ಬಂದಿಲ್ವಾ?"

"ಇದನ್ನ ಯಾಕೆ ತಂದ್ರಿ?" ಎಂದೆ ಕನ್ನಡದಲ್ಲಿ.

"ಕಿವಿ ಹರಿದಿತ್ತು."

"ಅಷ್ಟೇನಾ?"

ಅವರು ಬೆರಳಿನ ಅಂಟನ್ನು ಪಂಚೆಗೆ ಒರೆಸಿಕೊಂಡರು. "ಕಾಣೆಯಾದರೆ ಮೊದಲು ನನ್ನನ್ನ ಕೇಳೋಕೆ ಬರ್ತಾರೆ ಅಂದ್ಕೊಂಡೆ. ಕೀಲಿ ನನ್ನ ಹತ್ರ ತಾನೇ ಇರೋದು. ಮಂಗಳವಾರದಿಂದ ಬಾಗಿಲು ಹಾಕಿಲ್ಲ. ಅವರಿಗೆ ನನ್ನ ನೆನಪೇ ಆಗಲಿಲ್ಲ. ನಿಮ್ಮ ಹತ್ರ ಬಂದ್ರು."

ನಾನು ಹಿಂದಿಯಲ್ಲಿ ತಿಳಿಸಿದೆ. ದಹಿಯಾ ಆ ಹಸಿ ಕಿವಿಯನ್ನು ಸ್ವಲ್ಪ ಹೊತ್ತು ನೋಡಿ, ಜಪ್ತಿ ಪಂಚನಾಮೆ ಬರೆಸಿ, ಬಂಧನ ದಾಖಲಿಸಿದರು. "ನಾಳೆ ಬೆಳಿಗ್ಗೆ ಜಾಮೀನಿಗೆ ನಾನು ಅಡ್ಡಿ ಮಾಡಲ್ಲ ಅಂತ ಹೇಳು. ತಲೆಯನ್ನೂ ಕೋರ್ಟಿನಿಂದ ಬಿಡಿಸಿಕೊಡ್ತೀನಿ. ಸಂಜೆ ಮಕ್ಕಳು ಹಾಡಿಕೊಳ್ಳಲಿ."

ತಲೆಯನ್ನು ರಿಕ್ಷಾದಲ್ಲಿ ಠಾಣೆಗೆ ಕಳಿಸಿದೆವು. ಹೊರಡುವಾಗ ಅನಂತರಾಮ ದೀಪ ಆರಿಸಿ, ಖಾಲಿ ಕೋಣೆಯ ಕಡೆ ತಿರುಗಿ "ಹೋಗಿ ಬರ್ತೀನಿ" ಎಂದು ಬಾಗಿಲು ಹಾಕಿದರು.

ಜೀಪಿನಲ್ಲಿ ದಹಿಯಾ ಮುಂದೆ, ನಾವಿಬ್ಬರು ಹಿಂದೆ.

"ನಾನೇ ಅಂತ ಹೇಗೆ ಗೊತ್ತಾಯ್ತು?"

ಯಮುನೆಯ ಆಚೆಯ ಕೆಮ್ಮಿನ ವಿಷಯ, ಗೇಟಿನಲ್ಲಿ ಅವರು ಆಡಿದ ಮಾತಿನ ವಿಷಯ ಹೇಳಿದೆ. ಅವರು ತಲೆಯಾಡಿಸಿದರು.

"ನೀವೂ ಹೇಳ್ತೀರಾ, ಹೋಗಿ ಬರ್ತೀನಿ ಅಂತ?"

"ಹೇಳದೆ? ಹತ್ತೊಂಬತ್ತು ಜನರ ಮನೆ. ನಾನು ಹೊರಟರೆ ಬಾಗಿಲಲ್ಲಿ ನೂಕುನುಗ್ಗಲು."

ಅವರು ನನ್ನ ಬೆಲ್ಟಿಗೆ ದಾರದಲ್ಲಿ ಕಟ್ಟಿದ್ದ ಮನೆಯ ಬೀಗದ ಕೈ ನೋಡಿದರು. "ಒಳಗೆ ಅಷ್ಟು ಜನ ಇದ್ದರೆ ಹೊರಗಿನಿಂದ ಬೀಗ ಯಾಕೆ ಹಾಕಿ ಬಂದ್ರಿ?"

ಮುಂದೆ ಸಿಗ್ನಲ್ ಕೆಂಪಾಗಿತ್ತು. ದಹಿಯಾ ಸಾಹೇಬರಿಗೆ ಕನ್ನಡ ಬರುವುದಿಲ್ಲ.

"ಹತ್ತೊಂಬತ್ತು ಸುಳ್ಳು," ಎಂದೆ. "ಕೆಮ್ಮಿನದ್ದೂ ಸುಳ್ಳು. ದಿನಾ ಬೆಳಿಗ್ಗೆ ಬೀಗ ಹಾಕಿ, ಒಂದು ಸಲ ಜಗ್ಗಿ ನೋಡಿ, ಆ ಬೀಗಕ್ಕೇ 'ಹೋಗಿ ಬರ್ತೀನಿ' ಅಂತ ಹೇಳಿ ಬರ್ತೀನಿ."